ಬೀಗ ಮಾಡಿದವನ ಹೆಸರು

ಕಸುಬಿನಿಂದ ಹೆಸರು ಹುಟ್ಟುವುದು ನಮ್ಮಲ್ಲಿ ಮಾತ್ರ ಅಲ್ಲ. ಯುರೋಪಿನ ಹಂಗೆರಿಯಲ್ಲೂ ಹಾಗೇ. ಕೊವಾಚ್ ಅಂದರೆ ಕಮ್ಮಾರ. ಸಾಬೊ ಅಂದರೆ ದರ್ಜಿ. ವಾರ್ಗಾ ಅಂದರೆ ಮೆಟ್ಟು ಹೊಲಿಯುವವನು. ಮೊದಮೊದಲು ಕಸುಬು ಬಿಟ್ಟರೆ ಹೆಸರೂ ಬಿಟ್ಟುಹೋಗುತ್ತಿತ್ತು. ಹದಿನಾಲ್ಕು, ಹದಿನೈದನೇ ಶತಮಾನದಿಂದೀಚೆಗೆ ಅದು ಅಪ್ಪನಿಂದ ಮಗನಿಗೆ ಅಂಟಿಕೊಳ್ಳುತ್ತ ಬಂತು. ಇವತ್ತು ಆ ದೇಶದಲ್ಲಿ ಅತಿ ಹೆಚ್ಚು ಜನಕ್ಕಿರುವ ಹತ್ತು ಹೆಸರುಗಳಲ್ಲಿ ವಾರ್ಗಾ ಒಂದು. ಚರ್ಮದ ಕೆಲಸದ ಹೆಸರು ಅಂತ ಅದನ್ನು ಮುಚ್ಚಿಟ್ಟುಕೊಳ್ಳಬೇಕಾದ ಗತಿ ಅಲ್ಲಿಲ್ಲ.

ಹಾಗಾದರೆ ಅಲ್ಲಿ ಮೇಲುಕೀಳು ಇಲ್ಲವೇ? ಇದೆ. ಅದು ಎಲ್ಲಿ ಅಡಗಿ ಕೂತಿದೆ ಅಂತ ತಿಳಿಯಲು ಒಂದೇ ಒಂದು ಹೆಸರನ್ನು ಹಿಡಿದು ನೋಡೋಣ: ಲಾಕಾತೋಶ್.

'ಲಾಕಾತ್' ಅಂದರೆ ಬೀಗ. ಬಳೆಗೆ 'ಗಾರ' ಸೇರಿ ಬಳೆಗಾರ ಆದ ಹಾಗೆ, ಲಾಕಾತ್‌ಗೆ 'ಓಶ್' ಸೇರಿ ಲಾಕಾತೋಶ್, ಬೀಗ ಮಾಡುವವನು. ಕಬ್ಬಿಣದ ಗುಣ ಬಲ್ಲವನ ಹೆಸರು.

1944ರ ಆಗಸ್ಟಿನಲ್ಲಿ ಗೇಜಾ ಲಾಕಾತೋಶ್ ಎಂಬ ಸೇನಾಪತಿ ಹಂಗೆರಿಯ ಪ್ರಧಾನಿಯಾದ. ಬೀಗ ಮಾಡುವವನ ಹೆಸರು ಅವನ ದೊಡ್ಡಸ್ತಿಕೆಗೆ ಅಡ್ಡ ಬರಲಿಲ್ಲ.

ಅದೇ ವರ್ಷ, ಅವನು ಗಾದಿಗೆ ಬರುವ ಮುಂಚೆಯೇ, ನಾಲ್ಕು ಲಕ್ಷಕ್ಕೂ ಹೆಚ್ಚು ಯೆಹೂದಿಗಳನ್ನು ಆ ದೇಶದಿಂದ ರೈಲಿಗೆ ತುಂಬಿ ಸಾಗಿಸಿದ್ದರು. ಇಮ್ರೆ ಲಿಪ್ಶಿಟ್ಸ್ ಎಂಬ ಯೆಹೂದಿ ತರುಣನ ತಾಯಿ ಮತ್ತು ಅಜ್ಜಿ ಆಶ್ವಿಟ್ಜ್‌ನಲ್ಲಿ ಸತ್ತರು. ಹುಟ್ಟಿದ ಹೆಸರೇ ಮರಣಪತ್ರವಾದಾಗ ಅವನು ಮೊದಲು ಮೊಲ್ನಾರ್ ಆದ, ಅಂದರೆ ಹಿಟ್ಟು ಬೀಸುವ ಗಿರಣಿಯವನು. ಆಮೇಲೆ ಲಾಕಾತೋಶ್ ಆದ. ಮುಂದೆ ಲಂಡನ್ನಿನಲ್ಲಿ ಗಣಿತ, ವಿಜ್ಞಾನಗಳ ತತ್ವಜ್ಞಾನಿಯಾಗಿ ಲೋಕಕ್ಕೆಲ್ಲ ಹೆಸರಾದ. ಅವನ ಮಟ್ಟಿಗೆ ದುಡಿಯುವವನ ಹೆಸರು ಜೀವ ಕಾಯುವ ಮರೆ.

ಮೂರನೆಯವನು ಮೆನ್ಹೇರ್ತ್ ಲಾಕಾತೋಶ್. 1926ರಲ್ಲಿ ಹುಟ್ಟಿದ ರೋಮಾ ಲೇಖಕ. ಯುರೋಪು 'ಜಿಪ್ಸಿ' ಅಂತ ಹೀಯಾಳಿಸಿದ ಜನ ಇವರು. ಸಾವಿರ ವರ್ಷಗಳ ಆಚೆ ಇವರ ಹಿರೀಕರು ಹೊರಟದ್ದು ಭಾರತದಿಂದ. ಇವರ ಮಾತಿನಲ್ಲಿ ನೀರು 'ಪಾನಿ', ಮೂಗು 'ನಾಕ್', ಮನುಷ್ಯ 'ಮನುಷ್'. ಕಬ್ಬಿಣಕ್ಕೆ 'ಸಸ್ತೆರ್', ನಮ್ಮ 'ಶಸ್ತ್ರ'ದ ಒಡಹುಟ್ಟು. ಕುಲುಮೆ ಊದಿಕೊಂಡು ಊರೂರು ಅಲೆದ ಜನ. 1496ರಲ್ಲಿ ಹಂಗೆರಿಯ ಬಿಷಪ್ಪನಿಗೆ ಇವರು ಗುಂಡು ಎರಕ ಹೊಯ್ದು ಕೊಟ್ಟಾಗ ದೊರೆ ರಹದಾರಿ ಬರೆದುಕೊಟ್ಟ. ಯುದ್ಧಕ್ಕೆ ಇವರ ಕೈ ಬೇಕು, ಊರೊಳಗೆ ಇವರು ಬೇಡ! 1761ರಲ್ಲಿ ರಾಣಿ ಮರಿಯಾ ತೆರೇಸಾ ಇವರ ಜನಾಂಗದ ಹೆಸರನ್ನೇ ಅಳಿಸಿ 'ಹೊಸ ಹಂಗೆರಿಯನ್ನರು' ಅಂತ ಕರೆಸಿದಳು. ಮುಂದೆ ಇವರ ಮಕ್ಕಳನ್ನು ಕಿತ್ತು ಪರರ ಮನೆಯಲ್ಲಿ ಬೆಳೆಸಲು ಹುಕುಂ ಹೊರಟಿತು. ಹೆಸರು ಬದಲಾಯಿತು. ನೋಡುವ ಕಣ್ಣು ಬದಲಾಗಲಿಲ್ಲ.

ಇವತ್ತು ಹಂಗೆರಿಯಲ್ಲಿ ಲಾಕಾತೋಶ್ ಅಂದ ಕೂಡಲೇ 'ಓಹೋ, ರೋಮಾ' ಅಂತ ಅಳೆಯುವವರಿದ್ದಾರೆ. ಚಮಚದ ಕಸುಬಿನ ಕಾಲಾನ್ಯೋಶ್, ಕದಿರಿನ ಕಸುಬಿನ ಓರ್ಶೋಶ್ ಎಂಬ ಹೆಸರುಗಳಿಗೂ ಇದೇ ಪಾಡು. ಕಬ್ಬಿಣ ಬಡಿದ ಕೊವಾಚ್‌ಗೆ ಇಲ್ಲದ ಮೈಲಿಗೆ ಬೀಗ ಬಡಿದ ಲಾಕಾತೋಶ್‌ಗೆ ಎಲ್ಲಿಂದ ಬಂತು? ಕೆಲಸದಿಂದ ಬರಲಿಲ್ಲ, ಸ್ವಾಮಿ. ಬಂದಿದ್ದರೆ ಸೇನಾಪತಿಗೂ ಅಂಟಬೇಕಿತ್ತು.

1975ರಲ್ಲಿ ಮೆನ್ಹೇರ್ತ್ ತನ್ನ ಕೇರಿಯ ಹೊಗೆ, ಹಸಿವುಗಳನ್ನು ಕಾದಂಬರಿಯಾಗಿ ಬರೆದ. ಹೆಸರು ಬದಲಿಸಿಕೊಳ್ಳಲಿಲ್ಲ. ಆ ಹೆಸರನ್ನೇ ಪುಸ್ತಕದ ಮುಖಪುಟಕ್ಕೆ ತಂದ.

ಇನ್ನೂ ಮುಗಿದಿಲ್ಲ. ಜ್ಯೋಂಜ್ಯೋಶ್‌ಪಾತಾ ಎಂಬ ಊರಿನ ಶಾಲೆಯಲ್ಲಿ ರೋಮಾ ಮಕ್ಕಳನ್ನು ವರ್ಷಗಟ್ಟಲೆ ಬೇರೆ ತರಗತಿಯಲ್ಲಿ ಕೂರಿಸಿ ಕಳಪೆ ಪಾಠ ಮಾಡಿದ್ದಕ್ಕೆ ಪರಿಹಾರ ಕೊಡಲೇಬೇಕೆಂದು 2020ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿತು.

ಹಳ್ಳಿಯ ಮೇಷ್ಟ್ರುಗಳೇ, ಹಾಜರಿ ಕೂಗುವವರು ನೀವು. ಒಂದು ಹೆಸರು ಓದಿ ಮುಂದಿನದಕ್ಕೆ ಹೋಗುವಾಗ ನಿಮ್ಮ ದನಿ ಎಲ್ಲಾದರೂ ಬದಲಾಗುತ್ತದೆಯೇ? ಮಕ್ಕಳಿಗೆ ಅದು ಕೇಳಿಸುತ್ತದೆ.