ಕೊಪಾ, ರೇಮೋಂ

1931-2017. ಫ್ರಾನ್ಸಿನ ವೃತ್ತಿಪರ ಫುಟ್‌ಬಾಲ್ ಆಟಗಾರ. ಉತ್ತರ ಫ್ರಾನ್ಸಿನ ಕಲ್ಲಿದ್ದಲು ಪಟ್ಟಣವಾದ ನೋ-ಲೆ-ಮಿನ್‌ನಲ್ಲಿ ಅಕ್ಟೋಬರ್ 13ರಂದು ಪೋಲೆಂಡ್ ಮೂಲದ ಕುಟುಂಬದಲ್ಲಿ ಹುಟ್ಟಿದ. ಮನೆತನದ ಹೆಸರು ಕೊಪಾಷೆವ್‌ಸ್ಕಿ. ಹದಿಹರೆಯದಲ್ಲೇ ಗಣಿಗಿಳಿದ ಈತ ಅಲ್ಲಿನ ಅಪಘಾತದಲ್ಲಿ ಎಡಗೈಯ ಒಂದು ಬೆರಳಿನ ಭಾಗವನ್ನು ಕಳೆದುಕೊಂಡ.

1949ರಲ್ಲಿ ಆಂಜೆ ಕ್ಲಬ್ಬಿಗೂ 1951ರಲ್ಲಿ ರೇಂಸ್ ಕ್ಲಬ್ಬಿಗೂ ಸೇರಿದ. ಆಲ್ಬೆರ್ ಬಾತೆ ತರಬೇತಿಯಲ್ಲಿ ರೇಂಸ್ 1953 ಮತ್ತು 1955ರಲ್ಲಿ ಫ್ರೆಂಚ್ ಚಾಂಪಿಯನ್ ಆಯಿತು. 1956ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮೊದಲ ಯುರೋಪಿಯನ್ ಕಪ್ ಫೈನಲ್‌ನಲ್ಲಿ ರೇಂಸ್ 4-3ರಿಂದ ರಿಯಲ್ ಮ್ಯಾಡ್ರಿಡ್‌ಗೆ ಸೋತಿತು. ಅನಂತರ ಕೊಪಾ ಮ್ಯಾಡ್ರಿಡ್ ಸೇರಿ 1957, 1958, 1959ರಲ್ಲಿ ಸತತ ಮೂರು ಬಾರಿ ಆ ಕಪ್ ಗೆದ್ದ. ಅಲ್ಲಿ ಮೈದಾನದ ನಡುಭಾಗ ಸಹ ಆಟಗಾರ ಡಿ ಸ್ಟೆಫಾನೊನದಾಗಿದ್ದುದರಿಂದ ಹೆಚ್ಚಾಗಿ ಬಲ ಅಂಚಿನಲ್ಲಿ ಆಡಬೇಕಾಯಿತು.

ಈತನ ಆಟದ ಪೂರ್ಣ ರೂಪ ಕಂಡದ್ದು 1958ರ ಸ್ವೀಡನ್ ವಿಶ್ವಕಪ್‌ನಲ್ಲಿ. ಗಿಡ್ಡ ಮೈಕಟ್ಟು, ಚೆಂಡನ್ನು ಕಾಲಿಗಂಟಿಸಿಕೊಂಡಂತೆ ಸಾಗುವ ಡ್ರಿಬ್ಲಿಂಗ್, ರಕ್ಷಕರನ್ನು ತನ್ನತ್ತ ಸೆಳೆದು ಕೊನೆಯ ಗಳಿಗೆಯಲ್ಲಿ ಕೊಡುವ ಪಾಸ್ ಈತನ ವೈಶಿಷ್ಟ್ಯ. ಫ್ರಾನ್ಸ್ ತಂಡದ ಜಸ್ಟ್ ಫಾಂಟೇನ್ ಗಳಿಸಿದ 13 ಗೋಲುಗಳ ದಾಖಲೆಯ ಹಿಂದೆ ಕೊಪಾನ ಪಾಸುಗಳ ಪಾಲು ದೊಡ್ಡದು. ಫ್ರಾನ್ಸ್ ಮೂರನೆಯ ಸ್ಥಾನ ಪಡೆಯಿತು. ಅದೇ ವರ್ಷ ಕೊಪಾನಿಗೆ ಬ್ಯಾಲನ್ ಡಿ'ಓರ್ ಪ್ರಶಸ್ತಿ ದೊರೆಯಿತು. ದೇಶಕ್ಕಾಗಿ 45 ಪಂದ್ಯಗಳಲ್ಲಿ 18 ಗೋಲು ಗಳಿಸಿದ.

1959ರಲ್ಲಿ ರೇಂಸ್‌ಗೆ ಮರಳಿ 1960 ಮತ್ತು 1962ರಲ್ಲಿ ಮತ್ತೆ ಚಾಂಪಿಯನ್ ಆದ, 1967ರಲ್ಲಿ ನಿವೃತ್ತನಾದ.

ಕಪ್‌ಗಳಷ್ಟೇ ಮಹತ್ವದ್ದು ಒಪ್ಪಂದ ಪದ್ಧತಿಯ ವಿರುದ್ಧ ಈತ ಎತ್ತಿದ ದನಿ. ಅಂದಿನ ಫ್ರಾನ್ಸಿನಲ್ಲಿ ವೃತ್ತಿಪರನಾಗಿ ಒಮ್ಮೆ ಸಹಿ ಹಾಕಿದವನು 35ನೆಯ ವಯಸ್ಸಿನವರೆಗೆ ಕ್ಲಬ್ಬಿಗೆ ಕಟ್ಟುಬಿದ್ದಿರುತ್ತಿದ್ದ. ಅವನನ್ನು ಮಾರುವ, ಉಳಿಸಿಕೊಳ್ಳುವ ಹಕ್ಕು ಕ್ಲಬ್ಬಿನದು. ಕ್ಲಬ್ ಬಿಡದಿದ್ದರೆ ಬೇರೆಡೆ ಆಡುವಂತಿರಲಿಲ್ಲ. ಹೀಗಾಗಿ ಸಂಬಳದ ಮಾತುಕತೆಯಲ್ಲಿ ಆಟಗಾರನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. 1961ರಲ್ಲಿ ಆಟಗಾರರ ಸಂಘ ಯು.ಎನ್.ಎಫ್.ಪಿ. ಸ್ಥಾಪನೆಯಾಯಿತು, ಅದರ ಸ್ಥಾಪಕರಲ್ಲಿ ಫಾಂಟೇನ್ ಮತ್ತು ಕ್ಯಾಮರೂನ್ ಮೂಲದ ಯೂಜೀನ್ ಎನ್‌ಜೋ ಲೇಯಾ ಪ್ರಮುಖರು. 1963ರಲ್ಲಿ ಕೊಪಾ ಪತ್ರಿಕೆಯೊಂದರಲ್ಲಿ ಆಟಗಾರರು ಗುಲಾಮರೆಂದು ಬಹಿರಂಗವಾಗಿ ಹೇಳಿ ಶಿಸ್ತುಕ್ರಮಕ್ಕೆ ಗುರಿಯಾದ. ಖ್ಯಾತಿಯ ತುದಿ ಮುಟ್ಟಿದ್ದ ಆಟಗಾರನೇ ಹೀಗೆ ಹೇಳಿದ್ದರಿಂದ ವಿಷಯವನ್ನು ಮುಚ್ಚಿಹಾಕುವುದು ಕಷ್ಟವಾಯಿತು. ಮುಂದೆ ಆದ ಬದಲಾವಣೆಗೆ ಈತನೊಬ್ಬನೇ ಕಾರಣನೆನ್ನಲಾಗದು. ಸಂಘದ ದೀರ್ಘ ಹೋರಾಟವೂ ಅದರ ಹಿಂದಿತ್ತು. 1969ರಲ್ಲಿ ನಿಗದಿತ ಅವಧಿಯ ಒಪ್ಪಂದ ಜಾರಿಗೆ ಬಂತು.

1970ರಲ್ಲಿ ಫ್ರಾನ್ಸಿನ ಲೀಜನ್ ಆಫ್ ಆನರ್ ಗೌರವ ಪಡೆದ. 2017ರ ಮಾರ್ಚ್ 3ರಂದು ಆಂಜೆಯಲ್ಲಿ ನಿಧನನಾದ.