ಶಿಕಾರಿಪುರ, ಸೊರಬ: ಕೊನೆಯ ಮನೆಗೂ ಸೇವೆ ಮುಟ್ಟಬೇಕು

ಶಿವಮೊಗ್ಗ ಜಿಲ್ಲೆಯ ಉತ್ತರಕ್ಕೆ ಒಂದಕ್ಕೊಂದು ತಾಗಿಕೊಂಡಿರುವ ಈ ಎರಡು ತಾಲ್ಲೂಕುಗಳು ಮಲೆನಾಡು ಬಯಲಿಗೆ ಇಳಿಯುವ ಸೀಮೆ. ಭತ್ತ, ಮೆಕ್ಕೆಜೋಳ, ಅಡಿಕೆ ಇಲ್ಲಿನ ಬದುಕು.

ಹಳೆಯ ಮೇಲ್ಪಂಕ್ತಿ

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ, ಕದಂಬರ ಕಾಕುಸ್ಥವರ್ಮ ದೇವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ದಾಖಲಿಸುತ್ತದೆ. ಅದೇ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠದಲ್ಲಿ ವಿದ್ಯೆಯ ಜೊತೆಗೆ ಬಡವರು, ಕುಂಟರು, ಕುರುಡರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಸಿಗುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ಎಲ್ಲರನ್ನೂ ಒಳಗೊಳ್ಳುವ ಅಭಿವೃದ್ಧಿಗೆ ಇದಕ್ಕಿಂತ ಸ್ಪಷ್ಟ ಮಾದರಿ ಬೇಕಿಲ್ಲ.

ಯೋಜನೆಗಳ ಕಾಲ

ಸೊರಬದ ಕುಬಟೂರಿನವರಾದ ಎಸ್. ಬಂಗಾರಪ್ಪ 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದರು. ಬಡವರಿಗೆ ಮನೆ ಕೊಡುವ ಆಶ್ರಯ, 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಆ ಕಾಲದವು. ಆಶ್ರಯ ಸೂರಿಲ್ಲದವರಿಗಾಗಿ ಬಂತು. ಉಚಿತ ವಿದ್ಯುತ್ತಿನ ಲಾಭ ಪಡೆಯಲು ಮಾತ್ರ ಮೊದಲು ಪಂಪ್‌ಸೆಟ್ ಇರಬೇಕು. ಮಳೆ ನಂಬಿದ ಖುಷ್ಕಿ ರೈತ, ಜಮೀನಿಲ್ಲದ ಕೂಲಿಯವರು ಹೊರಗೇ ಉಳಿದರು. 1983ರಿಂದ ಶಿಕಾರಿಪುರದ ಪ್ರತಿನಿಧಿಯಾಗಿ ಬೆಳೆದ ಬಿ.ಎಸ್. ಯಡಿಯೂರಪ್ಪ ಹಣಕಾಸು ಸಚಿವರಾಗಿದ್ದಾಗ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಹೈಸ್ಕೂಲು ದೂರವಿರುವ ಹಳ್ಳಿಯ ಹುಡುಗಿಗೆ ಅದು ಓದು ಮುಂದುವರಿಸುವ ದಾರಿಯಾಯಿತು.

ಕ್ಯಾಸನೂರಿನ ಪಾಠ

ಮಂಗನ ಕಾಯಿಲೆಯ ವೈರಸ್ 1957ರಲ್ಲಿ ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನಲ್ಲಿ ಮಂಗಗಳು ಸಾಯತೊಡಗಿದರೆ ಅದೇ ಎಚ್ಚರಿಕೆ. ಉಣುಗು ಕಚ್ಚಿ ಹರಡುವ ಈ ರೋಗ ಸೌದೆ, ಸೊಪ್ಪು, ದರಗಿಗೆ ಕಾಡಿಗೆ ಹೋಗುವವರನ್ನೇ ಹೆಚ್ಚು ಹಿಡಿಯುತ್ತದೆ. ಇದನ್ನೇ ಗುರಿಯಾಗಿಸಿದ ಔಷಧವಿಲ್ಲ. ರಕ್ತಸ್ರಾವ, ನಿರ್ಜಲೀಕರಣಕ್ಕೆ ಬೇಗ ಆರೈಕೆ ಸಿಕ್ಕರೆ ಜೀವ ಉಳಿಯಬಹುದು. ಹಲವು ವರ್ಷ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನೂ ನಿಲ್ಲಿಸಲಾಯಿತು. ಆರು ದಶಕ ದಾಟಿದರೂ ನೆಚ್ಚಬಹುದಾದ ಲಸಿಕೆ ಜನರ ಕೈಗೆ ಬಂದಿಲ್ಲ. ಈ ಕಾಯಿಲೆ ನಗರದವರನ್ನು ಕಾಡಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. 2023ರ ಫೆಬ್ರವರಿಯಲ್ಲಿ ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬಂತು, ಸಂತೋಷ. ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿರುವುದೂ ಅಷ್ಟೇ ದೊಡ್ಡ ಅಭಿವೃದ್ಧಿ.

ಕೇಳುವ ಹಕ್ಕು

2012ರ ಏಪ್ರಿಲ್ 2ರಂದು ಜಾರಿಗೆ ಬಂದ ಸಕಾಲ ಕಾಯ್ದೆ, ಪ್ರಮಾಣಪತ್ರದಂಥ ಸರ್ಕಾರಿ ಸೇವೆಗಳಿಗೆ ಗಡುವು ಹಾಕಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ಹಕ್ಕು ದೊಡ್ಡದು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟವರು ಸಕಾಲ ಸಂಖ್ಯೆಯಿರುವ ಸ್ವೀಕೃತಿ ಚೀಟಿ ಪಡೆಯದೆ ಹಿಂದಿರುಗಬೇಡಿ.