ದಿ ರಘು ದೀಕ್ಷಿತ್ ಪ್ರಾಜೆಕ್ಟ್

ದಿ ರಘು ದೀಕ್ಷಿತ್ ಪ್ರಾಜೆಕ್ಟ್ ಬೆಂಗಳೂರಿನ ಒಂದು ಜನಪದ-ರಾಕ್ ಸಂಗೀತ ತಂಡ. ಮೈಸೂರಿನಲ್ಲಿ ಬೆಳೆದ ಗಾಯಕ ಹಾಗೂ ಗಿಟಾರ್ ವಾದಕ ರಘು ದೀಕ್ಷಿತ್ ಇದರ ಸ್ಥಾಪಕರು. ಸಂತ ಶಿಶುನಾಳ ಶರೀಫರ (1819–1889) ತತ್ವಪದಗಳನ್ನು ರಾಕ್ ಸಂಗೀತದ ವೇದಿಕೆಗೆ ತಂದುದು ಈ ತಂಡದ ಮುಖ್ಯ ವೈಶಿಷ್ಟ್ಯವಾಗಿದೆ.

ಹಿನ್ನೆಲೆ

ರಘು ದೀಕ್ಷಿತ್ ಅವರು 1974ರ ನವೆಂಬರ್ 11ರಂದು ಮಹಾರಾಷ್ಟ್ರದ ನಾಸಿಕದಲ್ಲಿ ಜನಿಸಿದರು. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದ ಅವರು ಭರತನಾಟ್ಯವನ್ನೂ ಅಭ್ಯಾಸ ಮಾಡಿದ್ದಾರೆ. ಮೊದಲು ಅವರು 'ಅಂತರಾಗ್ನಿ' ಎಂಬ ತಂಡವನ್ನು ಕಟ್ಟಿದ್ದರು. ಅದು ಚದುರಿದ ನಂತರ ಈಗಿನ ತಂಡ ರೂಪುಗೊಂಡಿತು. ಸ್ಥಿರ ಸದಸ್ಯರಿಗಿಂತ, ಬೇರೆ ಬೇರೆ ಕಲಾವಿದರು ಬಂದು ಸೇರಬಹುದಾದ ಮುಕ್ತ ವ್ಯವಸ್ಥೆ ಇದಾಗಿರಬೇಕೆಂಬ ಆಶಯದಿಂದ 'ಪ್ರಾಜೆಕ್ಟ್' ಎಂಬ ಹೆಸರನ್ನು ಇಡಲಾಯಿತು.

ಸಂಗೀತ ಪಯಣ

ಆರಂಭದ ವರ್ಷಗಳಲ್ಲಿ ಧ್ವನಿಮುದ್ರಣ ಸಂಸ್ಥೆಗಳ ಪ್ರೋತ್ಸಾಹ ದೊರೆಯಲಿಲ್ಲ. ಕೊನೆಗೆ ಹಿಂದಿ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮ ಸಂಸ್ಥೆಯ ಮೂಲಕ 2008ರಲ್ಲಿ 'ಅಂತರಾಗ್ನಿ' ಎಂಬ ಮೊದಲ ಧ್ವನಿಸಂಪುಟವನ್ನು ಹೊರತಂದರು. ಕನ್ನಡ, ಹಿಂದಿ ಮತ್ತು ಇಂಗ್ಲಿಷ್ ಹಾಡುಗಳಿರುವ ಈ ಸಂಪುಟದಲ್ಲಿ ಶರೀಫರ 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗೆ' ಸೇರಿವೆ. ಅದೇ ವರ್ಷ ತೆರೆಕಂಡ 'ಸೈಕೋ' ಕನ್ನಡ ಚಿತ್ರಕ್ಕೆ ರಘು ದೀಕ್ಷಿತ್ ಸಂಗೀತ ನೀಡಿದರು. 2010ರಲ್ಲಿ ತಂಡವು ಬಿಬಿಸಿಯ 'ಲೇಟರ್ ವಿತ್ ಜೂಲ್ಸ್ ಹಾಲೆಂಡ್' ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆಯು ಉತ್ತಮ ಹೊಸ ಕಲಾವಿದ ಪ್ರಶಸ್ತಿಯನ್ನು ನೀಡಿತು. ಎರಡನೆಯ ಸಂಪುಟ 'ಜಗ್ ಚಂಗಾ' 2013ರಲ್ಲಿ ಬಿಡುಗಡೆಯಾಯಿತು. ಶರೀಫರ 'ಲೋಕದ ಕಾಳಜಿ' ಅದರಲ್ಲಿದೆ.

ಸಂಗೀತ ಶೈಲಿ

ಗಿಟಾರ್, ಪಿಟೀಲು ಮತ್ತು ಡ್ರಮ್ಸ್ ಹಿನ್ನೆಲೆಯಲ್ಲಿ ಏರುದನಿಯ ಗಾಯನ ಈ ತಂಡದ ಶೈಲಿ. ಬಣ್ಣದ ಲುಂಗಿ ಮತ್ತು ಕಾಲ್ಗೆಜ್ಜೆ ಗಾಯಕರ ವೇದಿಕೆಯ ಉಡುಗೆ.

ಶರೀಫರು ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು. ಅವರ ಪದಗಳನ್ನು ಉತ್ತರ ಕರ್ನಾಟಕದ ಹಳ್ಳಿಗಳ ಭಜನಾ ಮೇಳಗಳು ಏಕತಾರಿ, ತಾಳಗಳೊಂದಿಗೆ ಹಾಡುತ್ತ ಬಂದಿವೆ. ಮುಂದೆ ಸಿ. ಅಶ್ವತ್ಥ್ ಅವರು ಸುಗಮ ಸಂಗೀತದ ಮೂಲಕ, 1990ರ 'ಸಂತ ಶಿಶುನಾಳ ಶರೀಫ' ಚಲನಚಿತ್ರದ ಮೂಲಕ ಅವುಗಳನ್ನು ನಾಡಿನಾದ್ಯಂತ ಪರಿಚಯಿಸಿದರು. ರಘು ದೀಕ್ಷಿತ್ ತಂಡದ ಪ್ರಯತ್ನ ಈ ಪರಂಪರೆಯ ಮುಂದುವರಿಕೆಯಾಗಿದ್ದು, ಇಲ್ಲಿ ವಾದ್ಯ ಮತ್ತು ಲಯ ಬದಲಾದರೂ ಭಾಷೆ ಕನ್ನಡವಾಗಿಯೇ ಉಳಿದಿದೆ.

ತತ್ವಪದಗಳಲ್ಲಿ ನಿತ್ಯಜೀವನದ ವಸ್ತುಗಳು ಗೂಢಾರ್ಥವನ್ನು ಹೊತ್ತಿರುತ್ತವೆ. ಸೋರುವ ಮಾಳಿಗೆಯು ಅಜ್ಞಾನದಿಂದ ಶಿಥಿಲವಾದ ಬದುಕನ್ನು ಸೂಚಿಸಿದರೆ, ಗುಡುಗುಡಿಯು ಅಂತರಂಗದ ಶುದ್ಧಿಯನ್ನು ಕುರಿತದ್ದು. ಕುಣಿಸುವ ಲಯದಲ್ಲಿ ಕೇಳುವವರಿಗೆ ಈ ಅರ್ಥ ಕೂಡಲೇ ಹೊಳೆಯದಿರಬಹುದು. ಆದರೆ ಕನ್ನಡದ ಅನುಭಾವ ಪರಂಪರೆಯ ಪದಗಳು ಹೊಸ ಪೀಳಿಗೆಗೂ ಹೊರದೇಶಗಳ ಶ್ರೋತೃಗಳಿಗೂ ತಲುಪಲು ಈ ತಂಡ ಒಂದು ದಾರಿಯಾಗಿದೆ.